ನಿಮಗಿದು ಗೊತ್ತೇ? ಕೇಸು ಮುಗಿದರೂ ಕಡತ ಮುಗಿಯದು

ಬೀದರ, ಕಲಬುರಗಿ, ರಾಯಚೂರು ಕಡೆಯ ಹುಡುಗ ಹುಡುಗಿಯರು ಓದಿಗೆ, ನೌಕರಿಗೆ ಇಂದಿಗೂ ಹೈದರಾಬಾದ್ ರೈಲು ಹತ್ತುತ್ತಾರೆ. ಅಲ್ಲಿ ಕೆಲಸ, ಸೀಟು, ಪಾಸ್‌ಪೋರ್ಟ್, ಯಾವುದಕ್ಕೆ ಅರ್ಜಿ ಹಾಕಿದರೂ ಒಂದು ಪ್ರಶ್ನೆ ಎದುರಾಗುತ್ತದೆ: ‘ನಿಮ್ಮ ಮೇಲೆ ಕೇಸು ಇದೆಯೇ?’ ಆ ಪ್ರಶ್ನೆಯ ಹಿಂದುಮುಂದಿನ ಕೆಲವು ಸಂಗತಿಗಳು ಇಲ್ಲಿವೆ.

● ಕೇಂದ್ರ ಸರ್ಕಾರಿ ನೌಕರಿಗೆ ಆಯ್ಕೆಯಾದವರು ತುಂಬುವ ದೃಢೀಕರಣ ನಮೂನೆ ಒಂದೇ ಪ್ರಶ್ನೆಗೆ ಸುಮ್ಮನಾಗುವುದಿಲ್ಲ. ಬಂಧನವಾಗಿತ್ತೇ, ಮೊಕದ್ದಮೆ ನಡೆದಿತ್ತೇ, ಕೋರ್ಟು ದಂಡ ಹಾಕಿತ್ತೇ, ಶಿಕ್ಷೆಯಾಗಿತ್ತೇ, ಈಗ ಕೇಸು ಬಾಕಿ ಇದೆಯೇ ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ‘ಖುಲಾಸೆ ಆಯ್ತಲ್ಲ’ ಎಂದುಕೊಂಡು ಎಲ್ಲದಕ್ಕೂ ‘ಇಲ್ಲ’ ಎಂದು ಬರೆದವರು ಸಿಕ್ಕಿಬೀಳುವುದು ಇಲ್ಲೇ.

● ಕೇಸಿಗಿಂತ ಕೇಸನ್ನು ಮುಚ್ಚಿಟ್ಟದ್ದೇ ಎಷ್ಟೋ ಸಲ ನೌಕರಿಗೆ ಕುತ್ತು ತರುತ್ತದೆ. 2016ರ ಜುಲೈ 21ರಂದು ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಮಾರ್ಗಸೂಚಿ ಹಾಕಿಕೊಟ್ಟಿತು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣಪುಟ್ಟ ಪ್ರಕರಣವನ್ನು ಹೇಳದೆ ಬಿಟ್ಟಿದ್ದರೆ ಮಾಲೀಕರು ಮನ್ನಿಸಬಹುದು. ಆದರೆ ನಿಜ ಹೇಳಿದ ಮಾತ್ರಕ್ಕೆ ನೌಕರಿ ಕೊಡಲೇಬೇಕೆಂದೇನೂ ಇಲ್ಲ. ಹಿನ್ನೆಲೆ ತೂಗಿ ನೋಡುವ ಹಕ್ಕು ಅವರಿಗೆ ಇದ್ದೇ ಇದೆ.

● ಘೋಷಣೆ ಕೂಗಿದ್ದಕ್ಕೆ ಕೇಸು ಹಾಕಿಸಿಕೊಂಡವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಡಿಮೆಯೇನಲ್ಲ. ತೆಲಂಗಾಣ ಹೋರಾಟದ ಕಾಲದ ಹಲವು ಕೇಸುಗಳನ್ನು 2014ರಲ್ಲಿ ಹೊಸ ರಾಜ್ಯವಾದ ಮೇಲೆ ಹಿಂಪಡೆಯಲಾಯಿತು. 2025ರ ಏಪ್ರಿಲ್‌ನಲ್ಲಿ ಕಂಚ ಗಚ್ಚಿಬೌಲಿ ಜಮೀನಿನ ವಿಷಯಕ್ಕೆ ಬೀದಿಗಿಳಿದ ಹೈದರಾಬಾದ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲಿನ ಕೇಸುಗಳನ್ನೂ ಹಿಂಪಡೆಯಲು ಉಪಮುಖ್ಯಮಂತ್ರಿ ಸೂಚಿಸಿದರು. ಆದರೆ ಕೋರ್ಟಿಗೆ ಹೋದ ಕೇಸು ಸರ್ಕಾರದ ಒಂದು ಮಾತಿಗೆ ಬಿದ್ದುಹೋಗುವುದಿಲ್ಲ. ಸರ್ಕಾರಿ ವಕೀಲರು ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು.

● ಸರ್ಕಾರವೇ ‘ಇವರು ಒಳ್ಳೆಯವರು’ ಎಂದು ಬರೆದುಕೊಟ್ಟ ಪ್ರಸಂಗವೂ ಹೈದರಾಬಾದಿನದೇ. 2007ರ ಮೇ 18ರಂದು ಮೆಕ್ಕಾ ಮಸೀದಿಯಲ್ಲಿ ಬಾಂಬ್ ಸ್ಫೋಟವಾದ ಬಳಿಕ ಹಳೇ ನಗರದ ಹಲವಾರು ಮುಸ್ಲಿಂ ಯುವಕರನ್ನು ಪೊಲೀಸರು ಹಿಡಿದರು. ಮೊಕದ್ದಮೆ ಎದುರಿಸಿದವರು ಖುಲಾಸೆಯಾದರು, ಆದರೂ ಕೆಲಸ ಕೊಡುವವರು ಹಿಂಜರಿದರು. ಕೊನೆಗೆ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಶಿಫಾರಸಿನ ಮೇಲೆ ಆಂಧ್ರಪ್ರದೇಶ ಸರ್ಕಾರ ಅವರಿಗೆ ನಡತೆ ಪ್ರಮಾಣಪತ್ರ ಕೊಟ್ಟಿತು. 2012ರ ಜನವರಿಯಲ್ಲಿ 20 ಮಂದಿಗೆ ತಲಾ 3 ಲಕ್ಷ ರೂಪಾಯಿ, 50 ಮಂದಿಗೆ ತಲಾ 20 ಸಾವಿರ ರೂಪಾಯಿ ಪರಿಹಾರವೂ ಬಂತು. ಆದರೆ 2013ರಲ್ಲಿ ಹೈಕೋರ್ಟು ಆ ಪರಿಹಾರದ ಆದೇಶವನ್ನು ರದ್ದುಮಾಡಿತು.

● ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಕಟ್ಟುವ ದಂಡ ಹೆಲ್ಮೆಟ್ ಚಲನ್‌ನಂಥದ್ದಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಾಂಶವಿದ್ದರೆ ಅದು ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10 ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಹೈದರಾಬಾದಿನಲ್ಲಿ ಸಿಕ್ಕಿಬಿದ್ದವರು ಮೊದಲು ಗೋಶಾಮಹಲ್ ಅಥವಾ ಬೇಗಂಪೇಟೆಯ ಸಂಚಾರ ತರಬೇತಿ ಸಂಸ್ಥೆಗೆ ಮನೆಯವರನ್ನು ಕರೆದುಕೊಂಡು ಹೋಗಿ, ಅವರ ಪಕ್ಕದಲ್ಲೇ ಕುಳಿತು ಬುದ್ಧಿಮಾತು ಕೇಳಬೇಕು. ಆಮೇಲೆ ಕೋರ್ಟು. ಅಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದರೆ ಅದು ಶಿಕ್ಷೆಯಾದಂತೆಯೇ ಲೆಕ್ಕ.

● ಈ ಲೆಕ್ಕ ಅಮೆರಿಕದವರೆಗೂ ಹಿಂಬಾಲಿಸುತ್ತದೆ. ನಾನಕ್‌ರಾಮ್‌ಗುಡದ ಅಮೆರಿಕ ಕಾನ್ಸುಲೇಟಿನ ಮುಂದೆ ಸಾಲು ನಿಲ್ಲುವ ವಿದ್ಯಾರ್ಥಿಗಳು ಮೊದಲು ತುಂಬುವುದು ಡಿಎಸ್-160 ಅರ್ಜಿ. ಕ್ಷಮಾದಾನ ಸಿಕ್ಕಿದ್ದರೂ ಸರಿಯೇ, ಎಂದಾದರೂ ಬಂಧನವಾಗಿತ್ತೇ ಎಂದು ಅದು ಕೇಳುತ್ತದೆ. ಕುಡಿದು ಓಡಿಸಿದ ಪ್ರಕರಣ ಆಮೇಲೆ ಗೊತ್ತಾದರೆ ಕೊಟ್ಟ ವೀಸಾವನ್ನೂ ಹಿಂಪಡೆಯಬಹುದು.

● ಕ್ರಿಮಿನಲ್ ಕೋರ್ಟಿನಲ್ಲಿ ಕೇಸು ಬಾಕಿ ಇದ್ದವರಿಗೆ ಪಾಸ್‌ಪೋರ್ಟ್ ಸಿಗುವುದೇ ಇಲ್ಲವೆಂಬ ಮಾತು ಪೂರ್ತಿ ನಿಜವಲ್ಲ. ಅದೇ ಕೋರ್ಟಿನಿಂದ ವಿದೇಶಕ್ಕೆ ಹೋಗಲು ಅನುಮತಿ ತಂದರೆ ಸಿಗುತ್ತದೆ. 1993ರ ಆಗಸ್ಟ್ 25ರ ಕೇಂದ್ರದ ಅಧಿಸೂಚನೆ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಕೋರ್ಟು ಅವಧಿ ಹೇಳದಿದ್ದರೆ ಒಂದು ವರ್ಷದ ಪಾಸ್‌ಪೋರ್ಟ್.

● 2016ರ ಸುಪ್ರೀಂ ಕೋರ್ಟ್ ಆದೇಶದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು. ಆರೋಪಿಗೆ ನೆರವಾಗಲೆಂದು ಬಂದ ಆದೇಶ ಇದು. ಆದರೆ ಹೈಟೆಕ್ ಸಿಟಿ ಕಂಪನಿಗಳ ಪರವಾಗಿ ಹಿನ್ನೆಲೆ ಹುಡುಕುವವರಿಗೂ ಕೋರ್ಟುಗಳ ಆನ್‌ಲೈನ್ ದಾಖಲೆಗಳಲ್ಲಿ ಹೆಸರು ಸಿಗುತ್ತದೆ. ಮಾದಕವಸ್ತು ಕೇಸಿನಲ್ಲಿ ಖುಲಾಸೆಯಾದ ಭಾರತ ಮೂಲದ ಅಮೆರಿಕನ್ನರೊಬ್ಬರು ಗೂಗಲ್‌ನಲ್ಲಿ ಆ ತೀರ್ಪು ಕಾಣುತ್ತಿದ್ದುದರಿಂದಲೇ ಕೆಲಸ ಸಿಗುತ್ತಿಲ್ಲವೆಂದು ದೆಹಲಿ ಹೈಕೋರ್ಟಿಗೆ ಹೋದರು. 2021ರಲ್ಲಿ ಅವರಿಗೆ ಮಧ್ಯಂತರ ಪರಿಹಾರ ಸಿಕ್ಕಿತು.

● 18 ತುಂಬುವ ಮೊದಲು ಮಾಡಿದ ತಪ್ಪು ಮುಂದೆ ನೌಕರಿಗೆ ಅನರ್ಹತೆ ಆಗಬಾರದು. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಹೇಳುವುದು ಇದನ್ನೇ. ದಾಖಲೆಯನ್ನೂ ನಿಯಮದ ಅವಧಿ ಮುಗಿದ ಮೇಲೆ ನಾಶಮಾಡಬೇಕು. ಘೋರ ಅಪರಾಧ ಎಸಗಿ, ವಯಸ್ಕರಂತೆ ವಿಚಾರಣೆಗೆ ಒಳಗಾದ 16 ದಾಟಿದವರಿಗೆ ಮಾತ್ರ ಈ ರಿಯಾಯಿತಿ ಇಲ್ಲ.

● ಮೊದಲ ಸಲ ಸಣ್ಣ ತಪ್ಪು ಮಾಡಿದವರಿಗೆ 1958ರ ಪ್ರೊಬೇಷನ್ ಕಾಯ್ದೆ ಇದೆ. ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಕೋರ್ಟು ಬಿಟ್ಟುಬಿಡಬಹುದು. ಹಾಗೆ ಬಿಡುಗಡೆಯಾದವರಿಗೆ, ಶಿಕ್ಷೆಯಾದವರಿಗೆ ಬೇರೆ ಕಾನೂನುಗಳು ಅಂಟಿಸುವ ಅನರ್ಹತೆ ತಟ್ಟುವುದಿಲ್ಲ ಎನ್ನುತ್ತದೆ 12ನೇ ಕಲಂ. ಕೇಳದಿದ್ದರೆ ಇದು ತಾನಾಗಿ ಬರುವುದು ಅಪರೂಪ. ವಕೀಲರ ಬಳಿ ಕೇಳಿ.

● ಹೈದರಾಬಾದಿನ ಕಾಲೇಜುಗಳಿಗೂ ಅನ್ವಯಿಸುವ 1997ರ ರ‍್ಯಾಗಿಂಗ್ ನಿಷೇಧ ಕಾಯ್ದೆ ಕಟುವಾದದ್ದು. ಜೈಲು ಶಿಕ್ಷೆಯಾದರೆ ಕಾಲೇಜಿನಿಂದ ವಜಾ. ಶಿಕ್ಷೆ 6 ತಿಂಗಳು ಮೀರಿದರೆ ಬೇರೆ ಕಾಲೇಜಿನ ಬಾಗಿಲೂ ಬಂದ್.

● ಕಾನೂನು ಓದುವವರ ಅಪರಾಧ ಹಿನ್ನೆಲೆ ಪರಿಶೀಲಿಸಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವರು ಬಿಡುಗಡೆಯಾಗಿ 2 ವರ್ಷ ಕಳೆಯುವವರೆಗೆ ವಕೀಲರಾಗಿ ನೋಂದಾಯಿಸಿಕೊಳ್ಳುವಂತಿಲ್ಲ. ಅತ್ತ, ಬಾಕಿ ಇರುವ ಕೇಸುಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಟ್ಟು ಯಾರು ಬೇಕಾದರೂ ಶಾಸಕರಾಗಬಹುದು. ಅದೇ ಕೇಸು ಹೊತ್ತು ಕಾನ್‌ಸ್ಟೇಬಲ್ ಆಗುವುದು ಕಷ್ಟ.

● ರೌಡಿಶೀಟ್ ಎಂದರೆ ಕೋರ್ಟಿನ ಶಿಕ್ಷೆಯಲ್ಲ, ನಿಗಾ ಇಡಲು ಠಾಣೆಯವರು ತೆರೆಯುವ ಹಾಳೆ. ಇಂಥ ಕಡತಗಳನ್ನು ಜಾತಿ, ಸಮುದಾಯ ನೋಡಿ ಯಾಂತ್ರಿಕವಾಗಿ ತೆರೆಯಬಾರದೆಂದು 2024ರ ಮೇ ತಿಂಗಳಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಎಚ್ಚರಿಸಿತು.

● ಹುಟ್ಟಿದ ಜಾತಿಯೇ ಕ್ರಿಮಿನಲ್ ದಾಖಲೆಯಾಗಿದ್ದ ಕಾಲವೂ ಇತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ದೆಸೆಯಿಂದ ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಅಂಥವರನ್ನು ಕೂಡಿಹಾಕುವ ‘ಸೆಟ್ಲ್‌ಮೆಂಟ್’ಗಳೆದ್ದವು. ನಿಜಾಮರ ರಾಜ್ಯದಲ್ಲಿ ಲಿಂಗಾಲದಲ್ಲೂ ಒಂದಿತ್ತು. 1952ರಲ್ಲಿ ಕಾಯ್ದೆ ಹೋಯಿತು. ಅನುಮಾನದ ಕಣ್ಣು ಇನ್ನೂ ಪೂರ್ತಿ ಹೋಗಿಲ್ಲ.

● ಹೈದರಾಬಾದಿನ ಚಂಚಲಗುಡ ಜೈಲು 1876ರದು. ಅದರ ಬಳಿಯ ಬಂಕಿನಲ್ಲಿ ನಿಮ್ಮ ಗಾಡಿಗೆ ಪೆಟ್ರೋಲ್ ಹಾಕಿ, ಚಿಲ್ಲರೆ ಎಣಿಸಿ ಕೊಡುವವರು ಕೈದಿಗಳೋ ಶಿಕ್ಷೆ ಮುಗಿಸಿ ಬಂದವರೋ ಆಗಿರಬಹುದು. ತೆಲಂಗಾಣ ಕಾರಾಗೃಹ ಇಲಾಖೆಯೇ ಇಂಥ ಬಂಕ್‌ಗಳನ್ನು ನಡೆಸುತ್ತದೆ. ‘ಮೈ ನೇಷನ್’ ಹೆಸರಿನಲ್ಲಿ ಕೈದಿಗಳು ತಯಾರಿಸಿದ ಸಾಮಾನುಗಳನ್ನೂ ಮಾರುತ್ತದೆ. 1982ರಲ್ಲಿ ಶುರುವಾದ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ, ಈಗಿನ ಡಾ. ಬಿ.ಆರ್. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾಲಯ, ಇರುವುದೂ ಇದೇ ಊರಿನಲ್ಲಿ. ಜೈಲಿನೊಳಗಿಂದಲೇ ಅದರ ಪದವಿ ಪಡೆದವರಿದ್ದಾರೆ.

● ಬ್ರಿಟನ್ನಿನಲ್ಲಿ 1974ರ ಕಾಯ್ದೆಯಂತೆ ಎಷ್ಟೋ ಶಿಕ್ಷೆಗಳು ನಿಗದಿತ ವರ್ಷಗಳ ಬಳಿಕ ಸವೆದುಹೋದಂತೆ. ಸಾಮಾನ್ಯ ನೌಕರಿಗಳಿಗೆ ಅವನ್ನು ಹೇಳಬೇಕಾಗಿಲ್ಲ. ಅಮೆರಿಕದ ಹವಾಯಿ ರಾಜ್ಯ 1998ರಲ್ಲೇ ಅರ್ಜಿಯ ಹಂತದಲ್ಲಿ ‘ಶಿಕ್ಷೆಯಾಗಿತ್ತೇ?’ ಎಂಬ ಪ್ರಶ್ನೆ ಕೇಳಬಾರದೆಂದಿತು. ವಯಸ್ಕರ ಹಳೆಯ ಶಿಕ್ಷೆಯನ್ನು ಹೀಗೆ ಅಳಿಸುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ.

ಹಾಗಾಗಿ ಕೇಸು ಮುಗಿದವರು ತೀರ್ಪಿನ ದೃಢೀಕೃತ ಪ್ರತಿಯನ್ನು ಮಾರ್ಕ್ಸ್‌ಕಾರ್ಡಿನ ಜೊತೆಗೇ ಜೋಪಾನವಾಗಿಡಿ, ಅರ್ಜಿಯಲ್ಲಿ ಕೇಳಿದ್ದಕ್ಕೆ ನಿಜವನ್ನೇ ಬರೆಯಿರಿ. ಕೆಲಸ ಕೊಡುವ ಸ್ಥಾನದಲ್ಲಿರುವವರು ‘ಕೇಸು ಇದೆಯೇ?’ ಎಂದು ಕೇಳಿದ ಮೇಲೆ, ‘ಏನು ಕೇಸು, ಏನಾಯಿತು?’ ಎಂದೂ ಕೇಳಿ.