ಕೊರಳಲ್ಲಿ ತೂಗುವ ಕೀಲಿಕೈ

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ ಅನೇಕ ಚಿಕಿತ್ಸಾಲಯಗಳಲ್ಲಿ, ವೈದ್ಯರ ಮೇಜಿನ ಕೀಲಿಮಣೆಯ ಅಂಚಿನಲ್ಲಿ, ಭಾವಚಿತ್ರವನ್ನೂ ಹೆಸರನ್ನೂ 12 ಅಂಕಿಗಳ ಗುರುತುಸಂಖ್ಯೆಯನ್ನೂ ಹೊತ್ತ ಸ್ಮಾರ್ಟ್‌ಕಾರ್ಡೊಂದು ಅರ್ಧ ಒಳಹೊಕ್ಕು ನಿಂತಿರುವುದನ್ನು ಕಾಣಬಹುದು. ಅದರಲ್ಲಿ ಹುದುಗಿರುವ ಚಿಪ್ ಹಾಗೂ ಅದರ ಒಡೆಯನ ಮನಸ್ಸಿನಲ್ಲಿ ಮಾತ್ರವೇ ಇರಬೇಕಾದ ಗುಪ್ತಸಂಖ್ಯೆ, ಇವೆರಡೂ ಕೂಡಿದಲ್ಲದೆ ರೋಗಿಯ ಕಡತ ತೆರೆಯದು. 3 ಬಾರಿ ಸಂಖ್ಯೆ ತಪ್ಪಿತೆಂದರೆ ಕಾರ್ಡು ತಾನಾಗಿಯೇ ಬೀಗ ಹಾಕಿಕೊಳ್ಳುವುದು.

ತೆರೆದ ಮೇಲೂ ಸರ್ವರಿಗೂ ಸರ್ವವೂ ಗೋಚರವಾಗದು. ಔಷಧಪತ್ರಕ್ಕೆ ಸಹಿಮಾಡುವ ಅಧಿಕಾರ ವೈದ್ಯನ ಕಾರ್ಡಿಗುಂಟು, ಭೇಟಿಯ ಸಮಯ ಗೊತ್ತುಮಾಡುವ ಗುಮಾಸ್ತನ ಕಾರ್ಡಿಗಿಲ್ಲ.

ಆದರೆ ನನ್ನ ಚಿಂತೆಯೆಲ್ಲ ಯಂತ್ರದ ಕುರಿತಲ್ಲ. ರೋಗಿಗಳು ಸಾಲುಗಟ್ಟಿ ಕುಳಿತಿರುವ ಮುಂಜಾನೆಯಲ್ಲಿ, ಸಹೋದ್ಯೋಗಿಯ ಮೇಲಿನ ಕರುಣೆಯಿಂದಲೇ ಒಬ್ಬರು ತಮ್ಮ ಕಾರ್ಡನ್ನು ಮತ್ತೊಬ್ಬರ ಕೈಗಿತ್ತಾಗ, ಯಾರು ಯಾವ ಕಡತವನ್ನು ನೋಡಿದರೆಂದು ಬರೆದಿಡುವ ದಾಖಲೆಯೇ ಸುಳ್ಳಾಗುತ್ತದೆ. ವೈದ್ಯರನ್ನು ನಂಬಿ ತನ್ನ ವ್ಯಾಧಿಯನ್ನು ಹೇಳಿಕೊಂಡ ರೋಗಿಗೆ ಅದು ದ್ರೋಹವೇ ಸರಿ.

ಆದುದರಿಂದ, ಆಸ್ಪತ್ರೆಯ ಬಂಧುಗಳೇ, ಚಹಾ ಕುಡಿಯಲು ಎರಡು ನಿಮಿಷ ಎದ್ದರೂ ಸರಿಯೆ, ಕಾರ್ಡನ್ನು ಸೆಳೆದುಕೊಂಡೇ ಏಳಿರಿ.