ನೋವಿನ ಮಾತ್ರೆಯ ಜೊತೆ ಬೇರೆ ಮಾತ್ರೆ ನುಂಗಬಹುದೇ?

ಪ್ರಶ್ನೆ: ಬೆನ್ನುನೋವಿಗೆ ಟ್ರಮಡಾಲ್–ಪ್ಯಾರಸಿಟಮಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಜೊತೆಗೆ ನೆಗಡಿಯ, ನಿದ್ದೆಯ ಮಾತ್ರೆ ನುಂಗಬಹುದೇ?

ಉತ್ತರ: ವೈದ್ಯರನ್ನು ಕೇಳದೆ ಖಂಡಿತ ಬೇಡ. ಈ ಒಂದೇ ಮಾತ್ರೆಯಲ್ಲಿ ಎರಡು ಔಷಧಗಳಿವೆ; ಸಾಮಾನ್ಯವಾಗಿ 37.5 ಮಿಲಿಗ್ರಾಂ ಟ್ರಮಡಾಲ್, 325 ಮಿಲಿಗ್ರಾಂ ಪ್ಯಾರಸಿಟಮಾಲ್. ಹಾಗಾಗಿ ಅಪಾಯ ಬರುವ ದಾರಿಯೂ ಎರಡು. ನೆಗಡಿ-ಜ್ವರದ ಅನೇಕ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ಎಲ್ಲ ಸೇರಿ ದಿನಕ್ಕೆ 4 ಗ್ರಾಂ ದಾಟಿದರೆ ಯಕೃತ್ತಿಗೆ ಪೆಟ್ಟು ಬೀಳಬಹುದು. ಇತ್ತ ಟ್ರಮಡಾಲ್ ಓಪಿಯಾಯ್ಡ್ ವರ್ಗದ್ದು, ಅಂದರೆ ಅಫೀಮಿನಂತೆ ಕೆಲಸ ಮಾಡುವ ನೋವುನಿವಾರಕ. ಅದಕ್ಕೆ ಅಲ್‌ಪ್ರಜೋಲಂನಂಥ ನಿದ್ದೆ ಬರಿಸುವ ಮಾತ್ರೆಯೋ ಮದ್ಯವೋ ಸೇರಿದರೆ ಉಸಿರಾಟವೇ ಕುಗ್ಗಬಹುದು. ಖಿನ್ನತೆಗೆ ಕೊಡುವ ಫ್ಲುಯಾಕ್ಸೆಟಿನ್ ಜೊತೆಯಾದರೆ ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕ ಮಿತಿಮೀರಿ ನಡುಕ, ಬೆವರು, ಗೊಂದಲ ಕಾಣಿಸಬಹುದು. ಫಿಟ್ಸ್ ಬರುವ ಸಾಧ್ಯತೆಯೂ ಹೆಚ್ಚುತ್ತದೆ.

ಎಲ್ಲವನ್ನೂ ವೈದ್ಯರೇ ಬರೆದದ್ದಲ್ಲವೇ ಎಂದು ನೀವು ಕೇಳಬಹುದು. ಬರೆದವರು ಬೇರೆ ಬೇರೆ ವೈದ್ಯರಾದರೆ ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬಿದ್ದಿರುವುದಿಲ್ಲ. ಒಂದೊಂದೂ ಸರಿಯಿದ್ದು ಒಟ್ಟು ತಪ್ಪಾಗುವುದು ಹೀಗೆಯೇ. ಹಾಗೆಂದು ಹೆದರಿ, ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ದಿಢೀರನೆ ಬಿಡುವುದೂ ಸರಿಯಲ್ಲ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಟ್ಟಿಗೆ ವೈದ್ಯರಿಗೆ ತೋರಿಸಿ. ಮಾತ್ರೆ ನುಂಗಿದವರನ್ನು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ತಡಮಾಡದೆ 108ಕ್ಕೆ ಕರೆಮಾಡಿ.