ತಣಿಯುವಾಗಲೇ ಬಲಿಯುವ ಉಕ್ಕು

ಟಿನ್ ಫ್ಯಾಕ್ಟರಿ ಕಡೆಯಿಂದ ಕೃಷ್ಣರಾಜಪುರದ ತೂಗುಸೇತುವೆ ದಾಟಿ ಹೊಸಕೋಟೆಯತ್ತ ಹೋಗುವ ಲಾರಿಗಳ ಸಾಲಿಗೆ ಹಗಲು ರಾತ್ರಿಯೆಂಬುದಿಲ್ಲ. ಲೋಡ್ ಹೊತ್ತ ಲಾರಿ ಏರು ಹತ್ತುವಾಗ ಪಿಸ್ಟನ್ನಿನ ಒಂದೊಂದು ಹೊಡೆತವನ್ನೂ ತಾಳಿಕೊಂಡು ಚಕ್ರಕ್ಕೆ ಬಲ ಕಳಿಸುವುದು ಕ್ರ್ಯಾಂಕ್‌ಶಾಫ್ಟ್. ಲಕ್ಷಾಂತರ ಕಿಲೋಮೀಟರ್ ಓಡಿದರೂ ಅದು ಬಿರುಕು ಬಿಡಬಾರದು.

ಹಿಂದೆ ಈ ಬಲಕ್ಕೆ ಬಹಳ ಇಂಧನ ಸುಡಬೇಕಿತ್ತು. ಫೋರ್ಜಿಂಗ್ ಆದ, ಅಂದರೆ ಕಾದ ಉಕ್ಕನ್ನು ಅಚ್ಚಿನಲ್ಲಿ ಒತ್ತಿ ರೂಪಿಸಿದ, ಶಾಫ್ಟನ್ನು ಮತ್ತೆ ಸುಮಾರು 850 ಡಿಗ್ರಿಗೆ ಕಾಯಿಸಿ, ಎಣ್ಣೆಗೆ ಅದ್ದಿ, ಇನ್ನೊಮ್ಮೆ ಕಾಯಿಸಿ ಹದ ಕೊಡುತ್ತಿದ್ದರು. ಅದ್ದಿದಾಗ ಸೊಟ್ಟಗಾದರೆ ಪ್ರೆಸ್ಸಿನಲ್ಲಿ ನೇರ ಮಾಡುವ ಕೆಲಸ ಬೇರೆ. 1970ರ ದಶಕದಲ್ಲಿ ಜರ್ಮನಿಯಲ್ಲಿ ಬಂದ 49ಎಂಎನ್‌ವಿಎಸ್3 ಉಕ್ಕು ಇದಷ್ಟನ್ನೂ ತಪ್ಪಿಸಿತು. ಕಾರಣ ಅದರಲ್ಲಿರುವ ವೆನೇಡಿಯಂ ಎಂಬ ಲೋಹ; ಪ್ರಮಾಣ ಶೇ 0.1ರ ಆಸುಪಾಸು, ಅಷ್ಟೇ. ಫೋರ್ಜಿಂಗಿನ ಸುಮಾರು 1,200 ಡಿಗ್ರಿ ಕಾವಿನಲ್ಲಿ ವೆನೇಡಿಯಂ ಉಕ್ಕಿನೊಳಗೆ ಕರಗಿರುತ್ತದೆ. ಶಾಫ್ಟ್ ಅಚ್ಚಿನಿಂದ ಹೊರಬಂದು ಗಾಳಿಯಲ್ಲಿ ತಣಿಯುತ್ತಾ ಹೋದಂತೆ ಅದು ಇಂಗಾಲ, ಸಾರಜನಕದ ಜೊತೆ ಕೂಡಿ, ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಉಕ್ಕಿನ ಉದ್ದಗಲಕ್ಕೂ ಹರಡಿಕೊಳ್ಳುತ್ತದೆ. ಲೋಹದ ಪದರಗಳು ಜಾರದಂತೆ ಈ ಕಣಗಳೇ ತಡೆಯುತ್ತವೆ. ತಣಿಯುವ ವೇಗ ಹದ ತಪ್ಪಿದರೆ ಬಲವೂ ತಪ್ಪುತ್ತದೆ. ಹಾಗಾಗಿ ಫೋರ್ಜಿಂಗ್ ಶಾಪಿನ ಕನ್ವೇಯರಿಗೂ ಫ್ಯಾನುಗಳಿಗೂ ಕುಲುಮೆಯಷ್ಟೇ ಜವಾಬ್ದಾರಿ.

ಮೊದಲ ಉಕ್ಕಿಗೆ ಕೊರತೆಯೊಂದಿತ್ತು. ಬಲವಿತ್ತು, ಹಠಾತ್ ಪೆಟ್ಟು ತಾಳುವ ಗುಣ ಸಾಲದಾಗಿತ್ತು. ಇಂಗಾಲ ತಗ್ಗಿಸಿ 38ಎಂಎನ್‌ವಿಎಸ್6 ಬಂತು. ಚೂರು ಟೈಟಾನಿಯಂ ಸೇರಿಸಿ, ಕಾವಿನಲ್ಲಿ ಉಕ್ಕಿನ ಹರಳುಗಳು ದಪ್ಪವಾಗದಂತೆ ನೋಡಿಕೊಳ್ಳುವುದನ್ನೂ ಕಲಿತರು. ವೆನೇಡಿಯಂಗಿಂತಲೂ ಈ ತಿದ್ದುಪಡಿಗಳೇ ದೊಡ್ಡ ಸಾಧನೆ ಎನ್ನುವುದು ನನ್ನ ಎಣಿಕೆ. ಸ್ಟೀರಿಂಗ್, ಆ್ಯಕ್ಸಲ್ ಭಾಗಗಳಿಗೆ ಬರೀ ಬಲ ಸಾಕಾಗುವುದಿಲ್ಲ. ಅಲ್ಲಿ ಜೀವದ ಪ್ರಶ್ನೆಯಿದೆ.

ಚಾಸಿಗೆ ಬೇಕಾದ ಹಾಳೆಯ ಕಥೆ ಬೇರೆ. ಅಲ್ಲಿ ಮುಖ್ಯವಾದದ್ದು ನಿಯೋಬಿಯಂ; ರೋಲಿಂಗ್ ಮಾಡುವಾಗಲೇ ಅದು ಹರಳುಗಳನ್ನು ಸಣ್ಣದಾಗಿ ಇಡುತ್ತದೆ. ಹಾಳೆ ತೆಳುವಾದರೂ ಲಾರಿ ಅದೇ ಭಾರ ಹೊರುತ್ತದೆ.

ವಾಹನದ ಉಕ್ಕಿಗೆ ಕರ್ನಾಟಕ ಹೊಸಬನಲ್ಲ. ತೋರಣಗಲ್ಲಿನ ಜೆಎಸ್‌ಡಬ್ಲ್ಯುನಿಂದ ಹಾಳೆ, ಕೊಪ್ಪಳದ ಗಿಣಿಗೇರಿಯ ಕಲ್ಯಾಣಿ ಸ್ಟೀಲ್ಸ್‌ನಿಂದ ಫೋರ್ಜಿಂಗ್ ಸರಳು ಬರುತ್ತವೆ. ಮನಸ್ಸು ಎಳೆಯುವುದು ಮಾತ್ರ ಭದ್ರಾವತಿಯ ಕಡೆಗೆ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ, ವಿಶೇಷ ಉಕ್ಕಿಗೇ ಹೆಸರಾದ ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷ ಬಾರ್ ಮಿಲ್ ಮತ್ತೆ ತಿರುಗಿತು. ಆ ಕಾರ್ಖಾನೆಗೆ ಒಪ್ಪುವ ಕೆಲಸವೂ ಒಂದಿದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯ ಕಬ್ಬಿಣದ ಅದಿರಿನಲ್ಲಿ ವೆನೇಡಿಯಂ ಇದೆ. ಜೊತೆಗಿರುವ ಟೈಟಾನಿಯಂನಿಂದ ಕುಲುಮೆಯಲ್ಲಿ ಕಿಟ್ಟ ಮಂದವಾಗಿ ಸರಿಯಾಗಿ ಹರಿಯುವುದಿಲ್ಲ. ಆ ತೊಡಕು ಬಿಡಿಸುವ ಕೆಲಸವನ್ನು, ಉಕ್ಕಿನ ಅನುಭವ ತಲೆಮಾರುಗಳಿಂದ ಬಂದ ಭದ್ರಾವತಿಗೇ ವಹಿಸಬೇಕು.